ಪಡುಬಾಗಿಲು

"ತಿರುಗಿಸಿ," ಎಂದಳು ಡಾರ್ಕಸ್ ಪೆಲ್. "ಉಲ್ಟಾ ಇಟ್ಟಿದ್ದೀರಿ."

ಶವಪೆಟ್ಟಿಗೆಯನ್ನು ಆಗಷ್ಟೇ ಮಣೆಗಳ ಮೇಲೆ ಇಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಡಗಣ ಬಾಗಿಲಿನ ಇಕ್ಕಟ್ಟಿನಲ್ಲಿ ಓರೆಯಾಗಿ ನುಸುಳಿ, ಮೂರು ಮೆಟ್ಟಿಲು ಇಳಿದು, ಕೆಥೆಡ್ರಲ್ಲಿನ ನಡುವಿನವರೆಗೆ ಹೊತ್ತು ತರುವಷ್ಟರಲ್ಲಿ ಅವರಿಗೆ ಸಾಕುಸಾಕಾಗಿತ್ತು. ಒಳಗೆ ಮಲಗಿದ್ದ ಹಿರಿಯ ಪಾದ್ರಿ, ಕ್ಯಾನನ್ ಆಂಬ್ರೋಸ್ ಟಿಂಡಲ್, ಬದುಕಿದ್ದಾಗಲೂ ಹಗುರದ ಆಳಾಗಿರಲಿಲ್ಲ.

ಸಂಸ್ಕಾರದ ಏರ್ಪಾಟು ವಹಿಸಿಕೊಂಡಿದ್ದ ಲಸ್ಬಿ, ಅಪ್ಪನ ಕಸುಬಿಗೆ ಬಂದು ಇನ್ನೂ ವರ್ಷ ತುಂಬದ ಹುಡುಗುಪ್ರಾಯದ ಮನುಷ್ಯ, ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದ. ಕಾಲು ಬಲಿಪೀಠದ ಕಡೆಗೇ ಇದೆಯಲ್ಲ, ಎಲ್ಲರನ್ನೂ ಇಡುವುದು ಹೀಗೇ ಅಲ್ಲವೇ ಎಂದು ಕೇಳಿದ.

"ಎಲ್ಲರನ್ನೂ ಹೌದು. ಪಾದ್ರಿಯನ್ನಲ್ಲ. ಪಾದ್ರಿ ಬದುಕಿದ್ದಾಗ ಜನಕ್ಕೆ ಮುಖ ಕೊಟ್ಟು ನಿಂತಿರ್ತಾನೆ, ಸತ್ತಮೇಲೂ ಹಾಗೇ ಮಲಗಬೇಕು. ನಿಮ್ಮಪ್ಪ ಇದ್ದಿದ್ರೆ ಈಗ ನಿನ್ನ ಕಿವಿ ಹಿಂಡ್ತಿದ್ರು."

ಮತ್ತೆ ಆರು ಜನ ಬಗ್ಗಿದರು. ಮುಂದಿನ ಸಾಲಿನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಎನಿಡ್ ಟಿಂಡಲ್, ಐವತ್ತೆಂಟು ವರ್ಷ ಆತನ ಜೊತೆ ಬಾಳಿದ ಹೆಂಡತಿ, ತನ್ನ ಕಪ್ಪು ಕೈಗವಸು ಸರಿಮಾಡಿಕೊಳ್ಳುತ್ತ, "ಮೆಲ್ಲಗೆ ತಿರುಗಿಸ್ರಪ್ಪ, ಅವರಿಗೆ ಬೇಗ ತಲೆ ಸುತ್ತತ್ತೆ," ಎಂದಳು. ಹೊತ್ತವರಲ್ಲೊಬ್ಬ ನಗು ತಡೆಯಲಾರದೆ ಕೆಮ್ಮಿದ.

ಹೀಗೆ ಟಿಂಡಲ್ ತಲೆಯನ್ನು ಬಲಿಪೀಠಕ್ಕೂ ಕಾಲನ್ನು ಪಡುಬಾಗಿಲಿಗೂ ಹಾಕಿ ಮಲಗಿದರು. ಪಡುಬಾಗಿಲು ಮುಚ್ಚಿತ್ತು. ಅದು ಯಾವಾಗಲೂ ಮುಚ್ಚಿಯೇ ಇರುತ್ತದೆ. ನಮ್ಮ ಕೆಲ್‌ಮಿನ್‌ಸ್ಟರ್ ಕೆಥೆಡ್ರಲ್ಲಿನ ಕಟ್ಟಳೆಯ ಪ್ರಕಾರ ಅದನ್ನು ತೆಗೆಯುವುದು ರಾಜನೋ ರಾಣಿಯೋ ಬಂದಾಗ, ಹೊಸ ಬಿಷಪ್ಪರು ಅಧಿಕಾರ ವಹಿಸಿಕೊಳ್ಳುವಾಗ, ಹಳೆಯ ಬಿಷಪ್ಪರು ಹೆಣವಾಗಿ ಹೋಗುವಾಗ. ಮಿಕ್ಕವರೆಲ್ಲ ಬಡಗಣ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು. ಕ್ಯಾನನ್ ಆದರೂ ಸರಿ, ಕಸ ಗುಡಿಸುವವಳಾದರೂ ಸರಿ.

ಡಾರ್ಕಸ್ ಇಲ್ಲಿಯ ಹಿರಿಯ ವರ್ಜರ್. ಬೀಗದ ಕೈ, ಮೇಣದಬತ್ತಿ, ಮೆರವಣಿಗೆ ಎಲ್ಲವೂ ಅವಳ ಸುಪರ್ದಿ; ಬಿಷಪ್ಪರ ಮುಂದೆ ಬೆಳ್ಳಿಕೋಲು ಹಿಡಿದು ನಡೆಯುವವಳೂ ಅವಳೇ. ಅರವತ್ತೊಂದು ವರ್ಷದ ಈ ಹೆಂಗಸಿಗೆ ಹತ್ತು ದಿನಗಳಿಂದ ಒಂದೇ ಆಸೆ: ಟಿಂಡಲ್ ಅವರನ್ನು ಪಡುಬಾಗಿಲಿನಿಂದ ಒಳಗೆ ತರಬೇಕು. ಸುದ್ದಿ ಕೇಳಿದ ಮರುದಿನವೇ ಏಣಿ ಹಾಕಿ ಹತ್ತಿ ಎಂಟೂ ಕೀಲುಗಳಿಗೆ ಎಣ್ಣೆ ಬಿಟ್ಟಿದ್ದಳು. ಡೀನ್ ಜೂಲಿಯನ್ ಫೆರರ್ಸ್, ಕೆಥೆಡ್ರಲ್ಲಿಗೆ ಯಜಮಾನರಾಗಿ ಬಂದು ನಾಲ್ಕು ವರ್ಷವಾದವರು, ಒಪ್ಪಿದರೂ ಒಪ್ಪಬಹುದು ಅನ್ನುವ ಧೈರ್ಯವಿತ್ತು. ಅವರು ಕೆಟ್ಟವರಲ್ಲ. ತಪ್ಪಾದೀತೆಂಬ ಹೆದರಿಕೆಗೆ ಪ್ರತಿಯೊಂದನ್ನೂ ಎರಡೆರಡು ಸಲ ಓದುವ ಮನುಷ್ಯ, ಅಷ್ಟೆ.

ಆದರೆ ಮಂಗಳವಾರ ಅವರು ಒಂದು ಪತ್ರ ತೋರಿಸಿದರು. ಟಿಂಡಲ್ ತಮ್ಮ ಸಂಸ್ಕಾರದ ಬಗ್ಗೆ ಕೈಯಾರೆ ಬರೆದಿಟ್ಟದ್ದು. ಎರಡು ಹಾಡು ಸಾಕು. ಪ್ರಸಂಗ, ಅಂದರೆ ಪಾದ್ರಿಯ ಉಪದೇಶದ ಮಾತು, ಒಂಬತ್ತು ನಿಮಿಷ ದಾಟಕೂಡದು. ಕೊನೆಯಲ್ಲಿ ಇನ್ನೊಂದು: 'ನನ್ನನ್ನು ಬಡಗಣ ಬಾಗಿಲಿನಿಂದ ತನ್ನಿ. ನನಗಾಗಿ ಪಡುಬಾಗಿಲು ತೆಗೆಯಬೇಡಿ.'

ಡಾರ್ಕಸ್ ನಿಲುವಂಗಿಗಳ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬಿಳಿ ನಿಲುವಂಗಿಗಳ ನಡುವೆ ನಿಂತು ಅತ್ತಳು. ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

*

ಟಿಂಡಲ್ ನಮ್ಮೂರಿಗೆ ಬಂದದ್ದು ಅರವತ್ತೆರಡನೆಯ ಇಸವಿಯಲ್ಲಿ, ತನ್ನ ಮೂವತ್ತೆರಡನೆಯ ವಯಸ್ಸಿಗೆ. ಕಿರಿಯ ಪಾದ್ರಿಯ ಕೆಲಸ. ರೈಲಿಳಿದವನು ಎರಡು ಪೆಟ್ಟಿಗೆ ಎತ್ತಿಕೊಂಡು ಗುಡ್ಡ ಹತ್ತಿ, ಆವರಣದ ಹೆಬ್ಬಾಗಿಲು ದಾಟಿ, ಎದುರಿಗೆ ಕಂಡ ಪಡುಬಾಗಿಲಿಗೇ ನೇರ ಹೋದ. ಅಷ್ಟು ದೊಡ್ಡ ಬಾಗಿಲು ಇಟ್ಟಿರುವುದು ಒಳಗೆ ಹೋಗಲಿಕ್ಕೇ ಎಂದು ಅವನ ಲೆಕ್ಕ. ಮೊದಲು ಕೈಯಿಂದ ತಳ್ಳಿದ, ಆಮೇಲೆ ಭುಜ ಕೊಟ್ಟ.

"ಅದು ಬಿಷಪ್ಪರದು ಮಗಾ," ಎಂದು ಪಕ್ಕದಿಂದ ಯಾರೋ ಅಂದರು. ನೆಲ ಒರೆಸಿದ ಬಕೆಟ್ಟಿನ ನೀರು ಚೆಲ್ಲಲು ಹೊರಗೆ ಬಂದಿದ್ದ ಐವಿ ಪೆಲ್. ಡಾರ್ಕಸಳ ತಾಯಿ. "ನಾವೂ ನೀವೂ ಬಳಸ್ಕೊಂಡು ಹೋಗ್ಬೇಕು. ಬಾ, ತೋರುಸ್ತೀನಿ."

ಐವಿ ಹೊಳೆದಂಡೆಯವಳು. ಹೊಳೆದಂಡೆಯವರು ಎಂದರೆ ಗುಡ್ಡದ ಕೆಳಗೆ ದೋಣಿಕಟ್ಟೆಯ ಸುತ್ತ ಇರುವವರು. ಮೀನು ಹಿಡಿಯುವವರು, ಹೊಗೆಯಲ್ಲಿ ಹದ ಮಾಡುವವರು, ಮಾರುವವರು. ಕೆಥೆಡ್ರಲ್ಲಿನ ಗಂಟೆ ಕೇಳಿ ಕೆಲಸಕ್ಕೆ ಏಳುತ್ತಿದ್ದರು, ಅದರ ಗೋಪುರ ನೋಡಿ ದೋಣಿ ತಿರುಗಿಸುತ್ತಿದ್ದರು, ಪ್ರಾರ್ಥನೆಗೆಂದು ಒಳಗೆ ಮಾತ್ರ ಬರುತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಬನ್ನಿ ಅಂದವರೂ ಇರಲಿಲ್ಲ. ಮೈಯ ಮೀನುವಾಸನೆ ಮೇಲಿನವರ ಮೂಗಿಗೆ ಒಗ್ಗುವುದಿಲ್ಲ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು.

ಟಿಂಡಲ್ ಪಾದ್ರಿಯಾಗಿ ಅಂಥ ಪ್ರತಿಭಾವಂತನೇನಲ್ಲ, ಇದನ್ನು ಹೇಳಿಬಿಡಬೇಕು. ಸಂಜೆಯ ಪ್ರಾರ್ಥನೆಯಲ್ಲಿ ಪಾದ್ರಿ ಒಂದು ಸಾಲು ರಾಗವಾಗಿ ಎತ್ತಿಕೊಡಬೇಕು, ಗಾಯಕರು ಉತ್ತರ ಹಾಡಬೇಕು. ಟಿಂಡಲ್ ಎತ್ತಿಕೊಟ್ಟ ಸ್ವರ ಸಾಲು ಮುಗಿಯುವಷ್ಟರಲ್ಲಿ ಒಂದು ಮೆಟ್ಟಿಲು ಕೆಳಗೆ ಜಾರಿರುತ್ತಿತ್ತು. ಆರ್ಗನ್ ನುಡಿಸುವವನು ಎರಡು ವರ್ಷ ತಲೆ ಚಚ್ಚಿಕೊಂಡು, ಮೂರನೆಯ ವರ್ಷ ಗಾಯಕರಿಗೇ ಅವನ ಜೊತೆ ಕೆಳಗಿಳಿಯಲು ಕಲಿಸಿದ. ಪ್ರಸಂಗ ಒಂಬತ್ತು ನಿಮಿಷದ್ದು. ಹತ್ತನೆಯ ನಿಮಿಷಕ್ಕೆ ನನ್ನಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ ಎನ್ನುತ್ತಿದ್ದ.

ಒಂದು ಮಾತ್ರ ಮಾಡಿದ. ಪ್ರತಿ ಶುಕ್ರವಾರ ಬೆಳಗ್ಗೆ ಆರಕ್ಕೆ ಉದ್ದದ ಬೂಟು ಹಾಕಿಕೊಂಡು ಮೀನುಕಟ್ಟೆಗೆ ಇಳಿಯುತ್ತಿದ್ದ. ಉಪದೇಶವಿಲ್ಲ, ಕರಪತ್ರವಿಲ್ಲ. ಬುಟ್ಟಿ ಎತ್ತಲು ಒಂದು ಕೈ ಕೊಡುತ್ತಿದ್ದ. ಹೆರಿಂಗ್ ಮೀನಿನ ಹೊಟ್ಟೆ ಸೀಳಲು ಕಲಿಸಿ ಎಂದು ಗಾರ್ಬಟ್ ಮನೆಯವರನ್ನು ಕೇಳಿದ. ಅವರ ಮಗ ವಿಲ್ಫ್ ಒಂದಿಡೀ ಚಳಿಗಾಲ ಕಲಿಸಿದ. ಕೊನೆಗೆ ಅವನು ಕೊಟ್ಟ ಸರ್ಟಿಫಿಕೇಟು ಇಷ್ಟು: "ಪಾದ್ರಿಗಳೇ, ನೀವು ಆ ಮೀನಿಗೆ ಪ್ರಾರ್ಥನೆ ಮಾಡಿ ಸಾಕು. ಚಾಕು ನಮಗೆ ಕೊಡಿ."

*

ಹತ್ತೂವರೆ ದಾಟಿದ ಮೇಲೆ ದೊಡ್ಡ ಗಂಟೆ ಶುರುವಾಯಿತು. ನಿಮಿಷಕ್ಕೊಂದು ಪೆಟ್ಟು, ಟಿಂಡಲ್ ಬದುಕಿದ ವರ್ಷಕ್ಕೊಂದರಂತೆ ಎಂಬತ್ತನಾಲ್ಕು. ಕೊನೆಯದು ಬೀಳುವಾಗ ಸರಿಯಾಗಿ ಹನ್ನೆರಡು ಗಂಟೆ, ಅಲ್ಲಿಗೆ ಪ್ರಾರ್ಥನೆ ಆರಂಭ. ಹಾಡಿನ ಹಾಳೆ ಇನ್ನೂರು ಅಚ್ಚು ಹಾಕಿಸಿದ್ದರು. ನಿವೃತ್ತನಾಗಿ ಹದಿನಾಲ್ಕು ವರ್ಷವಾದ ಪಾದ್ರಿಯ ಸಂಸ್ಕಾರಕ್ಕೆ, ಅದೂ ಫೆಬ್ರವರಿಯಲ್ಲಿ, ಹಿಮ ಬೆರೆತ ಮಳೆ ಬೀಳುವ ದಿನ, ಇನ್ನೂರೇ ಹೆಚ್ಚು ಎಂದು ಡೀನ್ ಅಂದಾಜು ಮಾಡಿದ್ದರು.

ಹನ್ನೊಂದಕ್ಕೆ ಡಾರ್ಕಸ್ ಬಡಗಣ ಬಾಗಿಲಿಗೆ ಹೋಗಿ ನೋಡಿದಾಗ ಮೆಟ್ಟಿಲ ಮೇಲೆ ವಿಲ್ಫ್ ಗಾರ್ಬಟ್ ನಿಂತಿದ್ದ. ಈಗ ಎಪ್ಪತ್ತೆಂಟು ವರ್ಷ. ಕುತ್ತಿಗೆಯವರೆಗೆ ಗುಂಡಿ ಹಾಕಿದ ನೀಲಿ ಕೋಟು, ಎಣ್ಣೆ ಹಚ್ಚಿ ಬಾಚಿದ ತಲೆ. ಹಿಂದೆ ಅವನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು.

"ಏನ್ ವಿಲ್ಫಣ್ಣ, ಶುಕ್ರವಾರ ಅಲ್ವಾ ಇವತ್ತು? ಮೀನುಕಟ್ಟೆ ಯಾರು ನೋಡ್ಕೊಳ್ತಿದ್ದಾರೆ?"

"ಬೆಕ್ಕುಗಳು," ಎಂದ ವಿಲ್ಫ್. "ಕಟ್ಟೆ ಮುಚ್ಚಿದೀವಿ ಕಣವ್ವ. ಯುದ್ಧದಾಗೂ ಮುಚ್ಚಿರ್ನಿಲ್ಲ ಅಂತ ನಮ್ಮಪ್ಪ ಹೇಳೋನು."

ಅವಳು ಅವನ ಭುಜದಾಚೆ ನೋಡಿದಳು. ಸಾಲು ಕೆಥೆಡ್ರಲ್ಲಿನ ಗೋಡೆಗುಂಟ ಹೋಗಿ, ಡೀನರ ಮನೆಯ ತೋಟ ದಾಟಿ, ಆವರಣದ ಹುಲ್ಲುಬಯಲನ್ನು ಸುತ್ತಿಕೊಂಡು ಹೆಬ್ಬಾಗಿಲಿನ ಕಮಾನಿನಡಿ ಮಾಯವಾಗಿತ್ತು. ಕೊಡೆಗಳು, ತಳ್ಳುಗಾಡಿಯಲ್ಲಿ ಕೂಸುಗಳು, ಊರುಗೋಲುಗಳು. ಹೆಬ್ಬಾಗಿಲಿನ ಆಚೆಗೂ ಇದ್ದಾರಾ ಎಂದು ಕೇಳಿದಳು. ಇಳಿಜಾರಿನ ಬೀದಿ ತುಂಬಾ ಇದ್ದಾರೆ, ಬಾಲ ಇನ್ನೂ ಹೊಳೆಯ ಸೇತುವೆ ಮೇಲಿದೆ ಎಂದು ವಿಲ್ಫ್ ಹೇಳಿದ.

ಬಡಗಣ ಬಾಗಿಲಿಗೆ ಒಂದೇ ಕದ. ಅದೂ ಒಳಕ್ಕೆ ತೆರೆದು ಅರ್ಧ ಜಾಗವನ್ನು ತಾನೇ ತಿನ್ನುತ್ತದೆ. ಒದ್ದೆಯಾದ ಮೂರು ಮೆಟ್ಟಿಲು. ಪ್ರತಿ ಮುದುಕನಿಗೂ ಕೈ ಕೊಡಬೇಕು, ಪ್ರತಿ ತಳ್ಳುಗಾಡಿಯನ್ನೂ ಇಬ್ಬರು ಎತ್ತಿ ಇಳಿಸಬೇಕು. ಎನಿಡಳ ಕುರ್ಚಿಯನ್ನು ಬೆಳಗ್ಗೆ ಹೊತ್ತು ತಂದಿದ್ದರು. ಡಾರ್ಕಸ್ ನಿಲುವಂಗಿಯ ತೋಳು ಮಡಚಿ ನಿಂತು ಒಬ್ಬೊಬ್ಬರನ್ನೇ ಬಿಡತೊಡಗಿದಳು. ಗಂಟೆ ನಿಮಿಷಕ್ಕೊಂದು ಬಡಿಯುತ್ತಿತ್ತು. ಎರಡು ಪೆಟ್ಟಿನ ನಡುವೆ ಆರೋ ಏಳೋ ಜನ ಒಳಗೆ ಬಂದರೆ ಹೆಚ್ಚು.

*

ಐವಿ ಪೆಲ್ ಸತ್ತದ್ದು ಎಪ್ಪತ್ತೊಂಬತ್ತರ ಜನವರಿಯಲ್ಲಿ. ಮೂವತ್ತೆಂಟು ವರ್ಷ ಆ ಕಲ್ಲುನೆಲವನ್ನು ಮಂಡಿಯೂರಿ ಉಜ್ಜಿದವಳು. ಪಡುಬಾಗಿಲಿನ ಹಿತ್ತಾಳೆ ಬಳೆಗಳನ್ನು ವಾರಕ್ಕೊಮ್ಮೆ ಬೆಳಗುತ್ತಿದ್ದಳು, ಒಳಗಿನವನ್ನು ಒಳಗಿನಿಂದ, ಹೊರಗಿನವನ್ನು ಸುತ್ತು ಹಾಕಿ ಹೋಗಿ ಹೊರಗಿನಿಂದ. ಆಗ ಟಿಂಡಲ್ ಕ್ಯಾನನ್ ಆಗಿದ್ದರು, ಕೆಥೆಡ್ರಲ್ ನಡೆಸುವ ನಾಲ್ವರಲ್ಲಿ ಮೂರನೆಯವರು. ಅವಳ ಸಂಸ್ಕಾರ ತಾವೇ ಮಾಡುವುದಾಗಿ ಕೇಳಿಕೊಂಡಿದ್ದರು.

ಪೆಟ್ಟಿಗೆ ಬಡಗಣ ಬಾಗಿಲಿಗೆ ಬಂದಾಗ ಮೆಟ್ಟಿಲ ಮೇಲೆ ಮಂಜು ಗಾಜಿನಂತೆ ಹೆಪ್ಪುಗಟ್ಟಿತ್ತು. ವಿಲ್ಫ್ ಮತ್ತು ಇನ್ನು ಮೂವರು ಹೊತ್ತಿದ್ದರು. ಮೊದಲ ಮೆಟ್ಟಿಲಿಗೇ ಒಬ್ಬನ ಕಾಲು ಜಾರಿ ಪೆಟ್ಟಿಗೆ ಓರೆಯಾಯಿತು. ಇಪ್ಪತ್ತಾರು ವರ್ಷದ ಡಾರ್ಕಸ್ ಕಿರುಚಿದಳು. ಹೇಗೋ ಹಿಡಿದುಕೊಂಡರು. ಟಿಂಡಲ್ ಕೈ ಎತ್ತಿ ಅವರನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ಕೆಳಗಿಡಿಸಿದರು. ಒಳಗೆ ಹೋದರು. ಹೊರಗಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಪಡುವಣ ಕಡೆಯಿಂದ ಮರ ನರಳುವ ಸದ್ದು ಕೇಳಿತು.

ಎರಡು ಕದಕ್ಕೂ ಅಡ್ಡಲಾಗಿ ಒಂದು ಓಕ್ ತೊಲೆ ಇರುತ್ತದೆ. ಅದನ್ನು ಎತ್ತಲು ನಾಲ್ಕು ಜನ ಬೇಕು. ಟಿಂಡಲ್ ಕರಿಯ ನಿಲುವಂಗಿಯಲ್ಲೇ ಅದರಡಿ ಭುಜ ಕೊಟ್ಟು ಒಂದು ತುದಿಯನ್ನು ಎಬ್ಬಿಸಿಬಿಟ್ಟಿದ್ದರು. ವಿಲ್ಫ್ ಓಡಿಹೋಗಿ ಇನ್ನೊಂದು ತುದಿ ಹಿಡಿದ. ಹೊಳೆದಂಡೆಯ ಐವಿ ಪೆಲ್ ರಾಣಿಗಾಗಿ ಇರುವ ಬಾಗಿಲಿನಿಂದ ಒಳಗೆ ಹೋದಳು. ಅವಳ ಮಗಳು ಹಿಂದೆ ನಡೆದಳು. ಆ ಹದಿನೈದು ಹೆಜ್ಜೆಯನ್ನು ಡಾರ್ಕಸ್ ತನ್ನ ಮದುವೆಯ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳೆ.

ಆಗಿನ ಡೀನ್, ಕ್ಯಾರೂ ಎಂಬುವರು, ತಮ್ಮ ಊಟದ ಮನೆಯ ಕಿಟಕಿಯಿಂದ ಎಲ್ಲ ನೋಡಿದರು. ಸೋಮವಾರ ಸಭೆ ಕರೆದು, ಕ್ಷಮಾಪಣೆ ಬರೆದುಕೊಡಬೇಕು ಎಂದರು. ಟಿಂಡಲ್ ಬರೆದುಕೊಟ್ಟರು. 'ಕೇಳದೆ ತೆಗೆದದ್ದಕ್ಕೆ ಕ್ಷಮೆ ಇರಲಿ. ತೆಗೆದದ್ದಕ್ಕಲ್ಲ.' ಆ ಒಂದು ಚೀಟಿ ಅವರಿಗೆ ದುಬಾರಿ ಬಿತ್ತು. ಎರಡು ಸಲ ಡೀನ್ ಪದವಿ ಖಾಲಿಯಾಯಿತು, ಎರಡು ಸಲವೂ ಬೇರೆ ಊರಿನಿಂದ ಯಾರೋ ಬಂದು ಕೂತರು. ಇಪ್ಪತ್ತೊಂದು ವರ್ಷ ಟಿಂಡಲ್ ಮೂರನೆಯವರಾಗಿಯೇ ಇದ್ದು ಮೂರನೆಯವರಾಗಿಯೇ ನಿವೃತ್ತರಾದರು. ಆ ನಡುವೆ ಒಂದು ಹಟ ಹಿಡಿದು ಗೆದ್ದಿದ್ದರು: ಹೆಂಗಸು ಬೆಳ್ಳಿಕೋಲು ಹಿಡಿದ ಉದಾಹರಣೆಯೇ ಇಲ್ಲ ಎಂದವರ ಎದುರು ಡಾರ್ಕಸಳನ್ನು ವರ್ಜರ್ ಮಾಡಿಸಿದ್ದು.

ನಿವೃತ್ತಿಯಾದ ದಿನ ಅವರು ಆವರಣದ ಮನೆ ಬಿಟ್ಟು ಹೊಳೆದಂಡೆಯ ಓಣಿಯಲ್ಲಿ ಎರಡು ಕೋಣೆಯ ಮನೆ ಹಿಡಿದರು. ಸಾಮಾನು ಸಾಗಿಸಲು ಹೋಗಿದ್ದ ಡಾರ್ಕಸ್‌ಗೆ ಚಹಾ ಕೊಟ್ಟು, ಅವಳು ಅದುವರೆಗೆ ಕೇಳಿರದ ದನಿಯಲ್ಲಿ ಒಂದು ಮಾತು ಹೇಳಿದರು.

"ನಾನು ಸೋತೆ ಡಾರ್ಕಸ್. ನಿಮ್ಮಮ್ಮನಿಗೆ ಒಂದು ದಿನ ಬಾಗಿಲು ತೆಗೆದೆ. ಇನ್ನು ಇವರೆಲ್ಲ ಬರ್ತಾರೆ ಅಂದ್ಕೊಂಡೆ. ಮದುವೆಗೆ ಬಂದ್ರು, ನಾಮಕರಣಕ್ಕೆ ಬಂದ್ರು, ಅತಿಥಿಗಳ ಹಾಗೆ ಗೋಡೆಗಂಟಿ ನಿಂತ್ಕೊಂಡ್ರು, ಹೋದ್ರು. ತಮ್ಮ ಮನೆ ಅನ್ಕೊಂಡು ಒಬ್ಬರೂ ಬರಲಿಲ್ಲ."

ಅದೆಲ್ಲ ಸುಳ್ಳು ಎಂದು ಹೇಳಬೇಕೆಂದು ಅವಳಿಗೆ ಅನ್ನಿಸಿತು. ಸುಳ್ಳಾಗಿರಲಿಲ್ಲವಾದ್ದರಿಂದ ಚಹಾ ಕುಡಿದಳು.

*

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಡೀನ್ ಫೆರರ್ಸ್ ಬಡಗಣ ಬಾಗಿಲಿಗೆ ಬಂದರು. ಬಿಳಿಯ ನಿಲುವಂಗಿಯ ಮಡಿಕೆ ಒಂದೂ ಕೆಟ್ಟಿರಲಿಲ್ಲ. ಒಳಗೆ ಮುನ್ನೂರೈವತ್ತು ಜನ ಸೇರಿದ್ದರು; ಸಾವಿರದ ಐನೂರು ಜನ ಹಿಡಿಯುವ ಕಟ್ಟಡದಲ್ಲಿ ಹಿಂದಿನ ಸಾಲುಗಳೆಲ್ಲ ಖಾಲಿ ಹೊಡೆಯುತ್ತಿದ್ದವು. ಹೊರಗೆ ಸಾಲು ಕರಗಿರಲಿಲ್ಲ. ಹಿಮದ ಮಳೆ ಜೋರಾಗಿತ್ತು.

ಅವರು ಕಾಳಜಿಯಿಂದಲೇ ಮಾತಾಡಿದರು. ಬಿಷಪ್ಪರು ಬಂದು ಕೂತಾಗಿದೆ, ಕೊನೆಯ ಗಂಟೆ ಬಿದ್ದ ಮೇಲೆ ಕಾಯುವ ಪದ್ಧತಿ ಇಲ್ಲ, ಮೆರವಣಿಗೆ ನಡೆಯುವಾಗ ಜನ ಮೆಟ್ಟಿಲಲ್ಲಿ ನೂಕಾಡುವುದು ಚೆನ್ನಾಗಿರುವುದಿಲ್ಲ. ಹೊರಗಿನವರಿಗೆ ಕೇಳಿಸಲಿ ಎಂದು ಹುಲ್ಲುಬಯಲಿಗೆ ಧ್ವನಿವರ್ಧಕ ಹಾಕಲು ಹೇಳಿದ್ದೇನೆ. ಹನ್ನೆರಡಕ್ಕೆ ಈ ಬಾಗಿಲು ಮುಚ್ಚಿಬಿಡು.

ಬಾಗಿಲು ಮುಚ್ಚುವುದು ಡಾರ್ಕಸಳ ಕೆಲಸ. ಮೂವತ್ತೊಂದು ವರ್ಷದಲ್ಲಿ ಅವಳು ಒಬ್ಬ ಡೀನರ ಮಾತಿಗೂ ಇಲ್ಲ ಅಂದವಳಲ್ಲ. ಎದುರಿನ ಮೆಟ್ಟಿಲ ಮೇಲೆ ಮುಂದಿನ ಸರದಿಯ ಮುದುಕಿ, ಹೊಗೆಮನೆಯಲ್ಲಿ ಕೆಲಸ ಮಾಡುವ ಮಬೆಲ್ ಡಕಿಟ್, ಒದ್ದೆ ಶಾಲು ಹಿಂಡಿಕೊಳ್ಳುತ್ತ ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಒಂದು ಹೆಜ್ಜೆ ಹಿಂದೆ ಸರಿದು ನಿಂತಳು, ಇದನ್ನು ನಿರೀಕ್ಷಿಸಿಯೇ ಬಂದಿದ್ದೆ ಅನ್ನುವ ಹಾಗೆ. ಡಾರ್ಕಸ್ ಡೀನರ ಕಡೆ ತಿರುಗಿದಳು.

"ಆಗಲ್ಲ ಡೀನ್ ಅವರೇ," ಎಂದಳು.

"ಏನಾಗಲ್ಲ?"

"ಮುಚ್ಚೋಕೆ. ಬೀಗದ ಕೈ ಬೇಕಾದ್ರೆ ನೀವೇ ತಗೊಳ್ಳಿ. ಇವರ ಮುಖಕ್ಕೆ ಬಾಗಿಲು ಹಾಕೋದು ನನ್ನ ಕೈಲಿ ಆಗಲ್ಲ."

ಡೀನರಿಗೆ ಗಾಬರಿಯಾಯಿತು. ಸುತ್ತ ನೋಡಿ, ಅವಳ ತೋಳು ಹಿಡಿದು ಒಳಗೆ, ಪೆಟ್ಟಿಗೆಯ ಹತ್ತಿರಕ್ಕೆ ಕರೆದುಕೊಂಡು ಬಂದರು. ಈಗ ಇನ್ನೇನು ಮಾಡಲು ಸಾಧ್ಯ, ನೀನೇ ಹೇಳು ಎಂದರು. ಅವಳು ಪಡುಬಾಗಿಲಿನ ಕಡೆ ನೋಡಿದಳು.

"ಬೇಡ," ಎಂದರು ಡೀನ್. "ಅದನ್ನ ಮಂಗಳವಾರವೇ ಮಾತಾಡಿ ಮುಗಿಸಿದ್ದೀವಿ. ಅವರೇ ಬೇಡ ಅಂದಿದ್ದಾರೆ."

"ಪತ್ರ ನಿಮ್ಮ ಹತ್ರ ಇದೆಯಾ?"

ಇತ್ತು. ಪ್ರಸಂಗದ ಹಾಳೆಗಳ ನಡುವೆ ಇಟ್ಟುಕೊಂಡಿದ್ದರು.

"ಇನ್ನೊಂದು ಸಲ ಓದಿ."

ಅವರು ಓದಿದರು. 'ನನಗಾಗಿ ಪಡುಬಾಗಿಲು ತೆಗೆಯಬೇಡಿ.'

"ತಮಗಾಗಿ ಬೇಡ ಅಂದ್ರು," ಎಂದಳು ಡಾರ್ಕಸ್. "ಹೇಳಿದ ಹಾಗೇ ಮಾಡಿದ್ದೀವಿ. ಬಡಗಣ ಬಾಗಿಲಲ್ಲಿ ಬಂದ್ರು, ಇಗೋ ಇಲ್ಲೇ ಮಲಗಿದ್ದಾರೆ. ಹೊರಗಿರೋರಿಗೆ ತೆಗೀಬೇಡಿ ಅಂತ ಎಲ್ಲಿ ಬರೆದಿದ್ದಾರೆ, ತೋರಿಸಿ."

ಡೀನ್ ಎರಡನೆಯ ಸಲ ಓದಿದರು. ಅಭ್ಯಾಸಬಲ. ಆಮೇಲೆ, ಕಟ್ಟಳೆಯಲ್ಲಿ ರಾಜರು ಇದ್ದಾರೆ, ಬಿಷಪ್ಪರು ಇದ್ದಾರೆ, ಸುಮ್ಮನೆ ಜನ ಎಂದು ಎಲ್ಲಿಯೂ ಇಲ್ಲವಲ್ಲ ಎಂದರು. ಅದು ಅವಳಿಗೆ ಕೊಟ್ಟ ಉತ್ತರದಂತಿರಲಿಲ್ಲ. ತಮ್ಮನ್ನೇ ಕೇಳಿಕೊಂಡಂತಿತ್ತು.

"ಜೂಲಿಯನ್." ಗಾಲಿಕುರ್ಚಿಯಿಂದ ಎನಿಡ್ ಕರೆದಳು. ಅವಳು ದನಿ ಏರಿಸಿರಲಿಲ್ಲ. "ಅವರು ಆ ಪತ್ರ ಬರೆದಾಗ ನಾನು ಪಕ್ಕದಲ್ಲೇ ಇದ್ದೆ. 'ನನಗೆ ಅಂತ ತೆಗೆದರೆ ನಮ್ಮ ದಂಡೆಯವರು ನೋಡಿ, ನೋಡು ಇದು ದೊಡ್ಡವರ ಬಾಗಿಲು ಅಂತ ಇನ್ನೂ ದೂರ ನಿಲ್ತಾರೆ' ಅಂದ್ರು. ಅದಕ್ಕೇ ಬೇಡ ಅಂದದ್ದು. ನಲವತ್ತು ವರ್ಷ ಅವರು ಈ ಜನ ಬರಲಿ ಅಂತ ಕಾದರು. ಇವತ್ತು ಬಂದಿದ್ದಾರೆ. ನೀವು ಅವರಿಗೆ ಧ್ವನಿವರ್ಧಕ ಕೊಡ್ತೀರಾ?"

ಡಾರ್ಕಸಳ ಮೂರು ದಿನದ ಸಿಟ್ಟು ಅಲ್ಲೇ ಇಳಿದುಹೋಯಿತು. ಪೆಟ್ಟಿಗೆಯ ಕಡೆ ತಿರುಗಿ, ಮೊದಲೇ ಹೇಳಬಾರದಿತ್ತಾ ಎಂದು ಮನಸ್ಸಿನಲ್ಲೇ ಬೈದಳು.

ಗಂಟೆ ಬಡಿಯಿತು. ಡೀನ್ ಪತ್ರವನ್ನು ಮಡಿಸಿದರು. ಪ್ರಸಂಗದ ಹಾಳೆಗಳನ್ನೂ ಅದನ್ನೂ ಎನಿಡಳ ಮಡಿಲಲ್ಲಿಟ್ಟರು. ಆಮೇಲೆ ಆ ಉದ್ದನೆಯ ನೆಲದ ಮೇಲೆ ಪಡುವಣಕ್ಕೆ ನಡೆಯತೊಡಗಿದರು. ಮೊದಲು ನಿಧಾನ, ಅರ್ಧ ದಾರಿಯಲ್ಲಿ ಬೇಗ, ಕೊನೆಗೆ ನಿಲುವಂಗಿ ಎತ್ತಿ ಹಿಡಿದು ಓಡಿದರು. ನಮ್ಮೂರಿನ ಡೀನ್ ಓಡಿದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಅವರು ತೊಲೆಯಡಿ ಭುಜ ಕೊಟ್ಟಾಗ ಅದು ಜಗ್ಗಲಿಲ್ಲ. ಡಾರ್ಕಸ್ ಬೆಳ್ಳಿಕೋಲನ್ನು ಒಂದು ಬೆಂಚಿನ ಮೇಲೆ ಹಾಕಿ ಪಕ್ಕಕ್ಕೆ ಬಂದು ನಿಂತಳು. ವಿಲ್ಫ್ ಗಾರ್ಬಟ್ ತನ್ನ ಜಾಗದಿಂದೆದ್ದು, ಬೇಡ ಅಪ್ಪ ಎಂದು ಹಿಡಿದುಕೊಂಡ ಮಗನ ಕೈ ಬಿಡಿಸಿಕೊಂಡು ಬಂದ. ಹಿಂದೆಯೇ ಮಗನೂ ಬಂದ, ಲಸ್ಬಿಯ ಆರು ಜನರೂ ಬಂದರು.

"ಎಡಗಡೆ ತುದಿ ಮೊದ್ಲು ಎಬ್ಬಿಸ್ಬೇಕು ಸ್ವಾಮಿ," ಎಂದ ವಿಲ್ಫ್, ಡೀನರಿಗೆ. "ನಂಗೊತ್ತು. ಹಿಂದೊಂದ್ಸಲ ಎತ್ತಿದ್ದೆ."

ತೊಲೆ ಮೇಲೆದ್ದಿತು. ಕದಗಳು ಸದ್ದಿಲ್ಲದೆ, ಎಣ್ಣೆ ಕುಡಿದ ಕೀಲುಗಳ ಮೇಲೆ, ಒಳಕ್ಕೆ ತೆರೆದುಕೊಂಡವು. ಬೂದಿ ಬಣ್ಣದ ಬೆಳಕು ನೆಲದುದ್ದಕ್ಕೂ ಹರಿದು ಟಿಂಡಲ್ ಅವರ ಕಾಲಬುಡದವರೆಗೆ ಬಂದು ಮುಟ್ಟಿತು. ಹೊರಗೆ ಹುಲ್ಲುಬಯಲಲ್ಲಿ ಕೊಡೆಗಳೆಲ್ಲ ಇತ್ತ ತಿರುಗಿದವು.

ಯಾರೂ ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ಗುಂಪುಗೂಡಿ ನಿಂತರು. ಮಬೆಲ್ ಡಕಿಟ್ ಅತ್ತಲಿಂದ ಬಂದು ಮುಂದೆ ನಿಂತು, ಬೂಟಿನ ಕೆಸರು ನೋಡಿಕೊಂಡಳು. ಡಾರ್ಕಸ್ ಡೀನರ ಮುಖ ನೋಡಿದಳು. ಈಗಲೂ ಇವರು ಬರದೇ ಹೋದರೆ?

ಡೀನ್ ಹೊಸ್ತಿಲು ದಾಟಿ ಮಳೆಗೆ ಇಳಿದರು. ಬಿಳಿಯ ನಿಲುವಂಗಿಯ ಭುಜದ ಮೇಲೆ ತೊಲೆಯ ಕರಿ ಅಂಗೈ ಅಗಲ ಮೆತ್ತಿಕೊಂಡಿತ್ತು. ಮಬೆಲಳ ಮುಂದೆ ತೋಳು ಒಡ್ಡಿ, ರಾಣಿಗೆ ಹೇಳುವಷ್ಟೇ ಗಂಭೀರವಾಗಿ, "ಬನ್ನಿ ಅಮ್ಮ, ತಡ ಆಗಿದೆ, ನಿಮಗೋಸ್ಕರ ಕಾಯ್ತಿದ್ದಾರೆ," ಎಂದರು.

ಮಬೆಲ್ ಆ ತೋಳು ಹಿಡಿದುಕೊಂಡು ಒಳಗೆ ಬಂದಳು. ಅವಳ ಹಿಂದೆ ಉಳಿದವರು. ಮೊದಲು ಇಬ್ಬಿಬ್ಬರು, ಆಮೇಲೆ ಹತ್ತು ಹತ್ತು ಜನ, ತಳ್ಳುಗಾಡಿ ಊರುಗೋಲುಗಳ ಸಮೇತ, ಆ ಬಾಗಿಲಿನ ಅಗಲವೆಲ್ಲ ತುಂಬಿಕೊಂಡು. ಒದ್ದೆ ಉಣ್ಣೆಯ, ಹೊಗೆಯ, ಮೀನಿನ ವಾಸನೆ ಮೇಣದ ವಾಸನೆಯನ್ನು ಒತ್ತಿಕೊಂಡು ಬಂತು. ಗೋಡೆಗಂಟಿ ಯಾರೂ ನಿಲ್ಲಲಿಲ್ಲ. ಡಾರ್ಕಸ್ ಅಳುತ್ತಿದ್ದಳು, ನಗುತ್ತಿದ್ದಳು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಕೊನೆಯ ಗಂಟೆ ಬಿತ್ತು. ಬಿಷಪ್ಪರು ಎದ್ದು ನಿಂತರು.

ಅಷ್ಟರಲ್ಲಿ ವಿಲ್ಫ್ ಪೆಟ್ಟಿಗೆಯ ಹತ್ತಿರ ಬಂದಿದ್ದ. ದೋಣಿ ದಂಡೆ ಬಿಡುವ ಮುಂಚೆ ಹೊಳೆದಂಡೆಯವರು ಅದರ ಪಕ್ಕದ ಹಲಗೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ತಮ್ಮ ಮನೆಯವರಿರುವ ದೋಣಿಗೆ ಮಾತ್ರ. ವಿಲ್ಫ್ ಪೆಟ್ಟಿಗೆಯ ಕಾಲ್ದೆಸೆಯಲ್ಲಿ ಬಗ್ಗಿ ಎರಡು ಸಲ ತಟ್ಟಿ ತನ್ನ ಜಾಗಕ್ಕೆ ಹೋದ. ಅವನ ಹಿಂದಿನವನು ತಟ್ಟಿದ. ಮಬೆಲ್ ಡೀನರ ತೋಳು ಬಿಟ್ಟು ತಟ್ಟಿದಳು. ಅವಳ ಹಿಂದೆ ಸಾಲು ತಾನಾಗಿಯೇ ಕೂಡಿಕೊಂಡಿತು.

ಆರ್ಗನ್ ನುಡಿಸುವವನು ಕೈ ಎತ್ತಿ ಸುಮ್ಮನಾದ. ಬಿಷಪ್ಪರು ಸ್ವಲ್ಪ ಹೊತ್ತು ನೋಡಿ ಮತ್ತೆ ಕೂತರು. ಆ ದೊಡ್ಡ ಕಟ್ಟಡದಲ್ಲಿ ಈಗ ಬೇರೆ ಸದ್ದಿರಲಿಲ್ಲ. ಮರದ ಮೇಲೆ ಎರಡು ತಟ್ಟು, ಹೆಜ್ಜೆ, ಮತ್ತೆ ಎರಡು ತಟ್ಟು. ಹನ್ನೆರಡೂಕಾಲಾಯಿತು, ಹನ್ನೆರಡೂವರೆಯಾಯಿತು. ಬಾಗಿಲಲ್ಲಿ ಇನ್ನೂ ಜನ ಬರುತ್ತಲೇ ಇದ್ದರು.